ಕಾರಿನ ಇಂಜಿನ್ ಹೀಟ್, ಕೂಲಂಟ್, ರೇಡಿಯೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಕಾರುಗಳು ಬೆಳಿಗ್ಗೆ ಉಪ್ಪುಗಾಳಿಯಲ್ಲಿ ನಿಂತು, ಮಧ್ಯಾಹ್ನ ನಂತೂರಿನ ಟ್ರಾಫಿಕ್ಕಿನಲ್ಲಿ ಕುದ್ದು, ವಾರದ ಕೊನೆಗೆ ಘಾಟಿ ಹತ್ತುತ್ತವೆ. ಇಲ್ಲಿನ ಉತ್ತರಗಳನ್ನು ಅಂಥ ಕಾರುಗಳನ್ನು ಎದುರಿಗಿಟ್ಟುಕೊಂಡೇ ಬರೆದದ್ದು. ಅಳತೆ, ಪ್ರಮಾಣಗಳು ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಹೊಂದುವಂಥವು. ನಿಮ್ಮ ಕಾರಿನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ಇಂಜಿನ್ ತಣ್ಣಗಾಗುವುದು ಹೇಗೆ?

ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಹೊತ್ತೊಯ್ಯುವುದು ಕೂಲಂಟ್, ಅಂದರೆ ಇಂಜಿನ್ ತಣಿಸಲು ಒಳಗೆ ಸುತ್ತುವ ದ್ರವ. ವಾಟರ್ ಪಂಪ್ ಅದನ್ನು ಮೊದಲು ಸಿಲಿಂಡರುಗಳ ಸುತ್ತ, ಆಮೇಲೆ ಅವುಗಳ ಮೇಲೆ ಕೂರುವ ಹೆಡ್ಡಿನೊಳಗೆ ತಳ್ಳುತ್ತದೆ. ಅಲ್ಲಿಂದ ಮೇಲಿನ ಹೋಸಿನಲ್ಲಿ ರೇಡಿಯೇಟರಿಗೆ ಬಂದು, ಸಣ್ಣ ಕೊಳವೆಗಳಲ್ಲಿ ಹರಿಯುತ್ತಾ ಗಾಳಿಗೆ ಶಾಖ ಬಿಟ್ಟು, ಕೆಳಗಿನ ಹೋಸಿನಲ್ಲಿ ಮತ್ತೆ ಪಂಪಿಗೆ ಸೇರುತ್ತದೆ.

ದಾರಿಯಲ್ಲಿ ಕಾವಲಿಗಿರುವುದು ಥರ್ಮೋಸ್ಟಾಟ್. ಅದರ ಹೊಟ್ಟೆಯಲ್ಲಿ ಮೇಣ ತುಂಬಿದ ಪುಟ್ಟ ಡಬ್ಬಿ ಇರುತ್ತದೆ. 82ರಿಂದ 88 ಡಿಗ್ರಿ ಸೆಲ್ಸಿಯಸ್ ಆಗುವಾಗ ಮೇಣ ಕರಗಿ, ಹಿಗ್ಗಿ, ವಾಲ್ವ್ ತೆರೆಯುತ್ತದೆ. ಅಲ್ಲಿಯವರೆಗೆ ಕೂಲಂಟ್ ಇಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಮೇಲಿನ ಹೋಸನ್ನು ಮುಟ್ಟಿ ನೋಡಿ (ಬೆಲ್ಟ್, ಫ್ಯಾನಿನಿಂದ ಕೈ ದೂರವಿರಲಿ). ಕೆಲವು ನಿಮಿಷ ಹೋಸ್ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಸರಿಯಾಗಿದೆ. ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಅದು ತೆರೆದೇ ಸಿಕ್ಕಿಕೊಂಡಿದೆ. ಗೇಜಿನ ಮುಳ್ಳು ಮೇಲೇರುತ್ತಿದ್ದರೂ ಹೋಸ್ ತಣ್ಣಗಿದ್ದರೆ ಮುಚ್ಚಿಕೊಂಡೇ ಇದೆ. ತಕ್ಷಣ ಇಂಜಿನ್ ಆಫ್ ಮಾಡಿ.

ನಮ್ಮದು ಸೆಕೆಯ ಊರು. ಥರ್ಮೋಸ್ಟಾಟ್ ತೆಗೆಸಿಬಿಟ್ಟರೆ ಒಳ್ಳೆಯದಲ್ಲವಾ?

ಅಲ್ಲ. "ವಾಲ್ವ್ ತೆಗೆದು ಬಿಸಾಡಿ, ಹೀಟೇ ಆಗುವುದಿಲ್ಲ" ಎಂಬ ಸಲಹೆ ಹಳೆಯ ಅಂಬಾಸಿಡರ್ ಕಾಲದ್ದು. ಈಗಿನ ಇಂಜಿನ್ ಬಿಸಿಯಾಗದಿದ್ದರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಅದನ್ನು ಇನ್ನೂ ತಣ್ಣನೆಯ ಇಂಜಿನ್ ಎಂದೇ ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ. ಆಯಿಲಿಗೆ ಸೇರಿದ ತೇವ ಆವಿಯಾಗದೆ ಅಲ್ಲೇ ಉಳಿಯುತ್ತದೆ, ಅದೂ ನಮ್ಮ ಮಳೆಗಾಲದಲ್ಲಿ. ಇನ್ನೊಂದು ವಿಚಾರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಹಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದಿದ್ದು, ಒಂದಷ್ಟು ಕೂಲಂಟ್ ರೇಡಿಯೇಟರಿನ ಮುಖ ನೋಡದೆ ಮರಳಿ ಇಂಜಿನ್ನಿಗೇ ಹೋಗುತ್ತದೆ. ಊರೊಳಗೆ ತೊಂದರೆ ಕಾಣದ ಆ ಕಾರು ಶಿರಾಡಿ ಹತ್ತುವಾಗ ಹೀಟ್ ಆಗುತ್ತದೆ.

ಅನುಮಾನವಿದ್ದರೆ ಬಿಚ್ಚಿ ಪರೀಕ್ಷಿಸಿ. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಂತಿಯಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಹಾಕಿ ಕಾಯಿಸಿ. ಅಂಚಿನಲ್ಲಿ ಅಚ್ಚೊತ್ತಿದ ಉಷ್ಣತೆಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು, ಕುದಿಯುವ ಮೊದಲು ಚೆನ್ನಾಗಿ ತೆರೆದಿರಬೇಕು. ಇಲ್ಲದಿದ್ದರೆ ಹೊಸದು ಹಾಕಿ. ಜೊತೆಗೆ ರಬ್ಬರ್ ರಿಂಗ್ ಸಹ ಹೊಸದೇ ಇರಲಿ.

ಕೂಲಂಟ್ ಯಾಕೆ? ಇಲ್ಲಿ ನೀರು ಹೆಪ್ಪುಗಟ್ಟುವುದೇ ಇಲ್ಲವಲ್ಲ.

ಹೆಪ್ಪುಗಟ್ಟುವ ಮಾತನ್ನು ನಾವು ಬಿಟ್ಟುಬಿಡಬಹುದು. ಕರಾವಳಿಗೆ ಕೂಲಂಟ್ ಬೇಕಾಗುವುದು ತುಕ್ಕು ತಡೆಯಲು ಮತ್ತು ಕುದಿಯುವ ಬಿಂದು ಏರಿಸಲು. ಈಗಿನ ಹೆಡ್, ರೇಡಿಯೇಟರ್ ಎರಡೂ ಅಲ್ಯುಮಿನಿಯಂ. ಬರೀ ನೀರಿನಲ್ಲಿ ಅವು ಸವೆಯುತ್ತವೆ, ಬ್ಲಾಕ್ (ಸಿಲಿಂಡರುಗಳಿರುವ ಭಾಗ) ಎರಕದ ಕಬ್ಬಿಣದ್ದಾಗಿದ್ದರೆ ತುಕ್ಕು ಕೆಂಪು ಕೆಸರಾಗಿ ರೇಡಿಯೇಟರಿನ ಕೊಳವೆಗಳಲ್ಲಿ ಕೂರುತ್ತದೆ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಅದನ್ನೇ ರೇಡಿಯೇಟರ್ ಕ್ಯಾಪಿನ ಒತ್ತಡದಲ್ಲಿಟ್ಟರೆ 125 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ.

ಹಾಗೆಂದು ಪೂರ್ತಿ ಕೂಲಂಟನ್ನೇ ಸುರಿಯಬೇಡಿ. ಶಾಖ ಹೊರುವುದರಲ್ಲಿ ನೀರೇ ಗ್ಲೈಕಾಲಿಗಿಂತ ಮೇಲು. 60 ಶೇಕಡಕ್ಕಿಂತ ದಪ್ಪ ಮಾಡಿದರೆ ಲಾಭವಿಲ್ಲ, ತಣಿಯುವಿಕೆ ಕುಂದುತ್ತದೆ. 50-50 ಒಳ್ಳೆಯ ಲೆಕ್ಕ.

ಹಸಿರು, ಕೆಂಪು, ನೀಲಿ: ಯಾವುದು ಹಾಕುವುದು?

ಬಣ್ಣ ನೋಡಿ ತೆಗೆದುಕೊಳ್ಳಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಒಬ್ಬರ ಹಸಿರು ಹಳೆಯ ಸಿಲಿಕೇಟ್ ಬಗೆಯದ್ದಾದರೆ, ಇನ್ನೊಬ್ಬರ ಹಸಿರು ಸಾವಯವ ಆಮ್ಲ ಬಗೆಯದ್ದಿರಬಹುದು. ಡಬ್ಬಿಯ ಹಿಂದೆ ಬರೆದ ಬಗೆಯನ್ನು ಕೈಪಿಡಿಗೆ ತಾಳೆ ನೋಡಿ. ಹಳೆಯ ಬಗೆಯದ್ದಕ್ಕೆ ಸುಮಾರು 2 ವರ್ಷ ಅಥವಾ 40,000 ಕಿ.ಮೀ., ಸಾವಯವ ಆಮ್ಲದ್ದಕ್ಕೆ ಸಾಮಾನ್ಯವಾಗಿ 5 ವರ್ಷ ಆಯುಸ್ಸು. ಎರಡನ್ನೂ ಬೆರೆಸಿದರೆ ತುಕ್ಕು ತಡೆಯುವ ಗುಣ ಬೇಗ ಮುಗಿಯುತ್ತದೆ, ಕೆಲವೊಮ್ಮೆ ಲೋಳೆಯೂ ಕಟ್ಟುತ್ತದೆ. ಡಬ್ಬಿಯ ಮೇಲೆ ರೆಡಿ ಮಿಕ್ಸ್ ಎಂದಿದ್ದರೆ ನೀರು ಸೇರಿಸುವ ಹಾಗಿಲ್ಲ. ಕಾನ್ಸಂಟ್ರೇಟ್ ಎಂದಿದ್ದರೆ ಸೇರಿಸಲೇಬೇಕು. ಅಂಗಡಿಯಲ್ಲಿ ಇದನ್ನು ಕೇಳಿಯೇ ತನ್ನಿ.

ನಮ್ಮ ಬಾವಿಯ ನೀರು ಕನ್ನಡಿಯ ಹಾಗಿದೆ. ಅದನ್ನೇ ಬೆರೆಸಬಹುದಾ?

ಕುಡಿಯಿರಿ, ರೇಡಿಯೇಟರಿಗೆ ಬೇಡ. ಮುರಕಲ್ಲಿನ ನೆಲದ ಬಾವಿಯ ನೀರು ಮೆದುವಾದರೂ ತುಸು ಆಮ್ಲೀಯ, ಹಲವೆಡೆ ಕಬ್ಬಿಣದ ಅಂಶವೂ ಇರುತ್ತದೆ. ಬಿಳಿ ಬಟ್ಟೆಗೆ ಕೆಂಪು ಕಲೆ ಬರುವುದು ಅದರಿಂದಲೇ. ಕಡಲಿಗೆ, ಅಳಿವೆಗೆ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ. ಅಲ್ಯುಮಿನಿಯಮ್ಮನ್ನು ತೂತು ಮಾಡಲು ಉಪ್ಪಿನಲ್ಲಿರುವ ಕ್ಲೋರೈಡಿಗಿಂತ ದೊಡ್ಡ ಶತ್ರು ಬೇಕಿಲ್ಲ. ತುಂಬೆಯಿಂದ ಮಂಗಳೂರಿಗೆ, ಬಜೆಯಿಂದ ಉಡುಪಿಗೆ ಬರುವ ನಲ್ಲಿ ನೀರಿನಲ್ಲೂ ಕ್ಲೋರಿನ್ ಹಾಕಿರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನಿನಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ. ಅದನ್ನೇ ಬಳಸಿ.

ಟ್ಯಾಂಕಿನಲ್ಲಿ ಕೂಲಂಟ್ ಕಡಿಮೆಯಾಗುತ್ತಾ ಇದೆ. ಆಗಾಗ ತುಂಬಿಸಿದರೆ ಸಾಕಲ್ಲವಾ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಇದು ಮುಚ್ಚಿದ ವ್ಯವಸ್ಥೆ, ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಹೊಸದಾಗಿ ತುಂಬಿದ ಮೊದಲ ಕೆಲವು ದಿನ ಗಾಳಿ ಹೊರಟುಹೋಗಿ ಮಟ್ಟ ತುಸು ಇಳಿಯಬಹುದು, ವರ್ಷಕ್ಕೆ ಒಂದಿಷ್ಟು ಆವಿಯೂ ಆದೀತು. ತಿಂಗಳಿಗೊಮ್ಮೆ ತುಂಬಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಇಂಜಿನ್ ಅದನ್ನು ಒಳಗೇ ಕುಡಿಯುತ್ತಿದೆ.

ಮಟ್ಟವನ್ನು ನೋಡುವುದು ಬೆಳಿಗ್ಗೆ, ತಣ್ಣನೆಯ ಇಂಜಿನ್ನಿನಲ್ಲಿ, ಸಮತಟ್ಟಾದ ಜಾಗದಲ್ಲಿ. ಟ್ಯಾಂಕಿನ, ಅಂದರೆ ಕೂಲಂಟ್ ಬಾಟ್ಲಿಯ, ಎರಡು ಗೆರೆಗಳ ನಡುವೆ ಇದ್ದರಾಯಿತು. ಹಳೆಯ ಬಾಟ್ಲಿ ಹಳದಿಯಾಗಿ ಮಟ್ಟ ಕಾಣದಿದ್ದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬಾಟ್ಲಿ ತುಂಬಿದ್ದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದಲ್ಲ: ರೇಡಿಯೇಟರಿಗೇ ಕ್ಯಾಪ್ ಇರುವ ಕಾರಾದರೆ ವಾರಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ ಮಾತ್ರ, ಅದನ್ನೂ ತೆರೆದು ನೋಡಿ.

ಸೋರಿಕೆ ಹುಡುಕಲು ರಾತ್ರಿ ಕಾರಿನಡಿ ಒಂದು ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಕಂಡರೆ ಬೆರಳಲ್ಲಿ ಮುಟ್ಟಿ ನೋಡಿ. ಎಸಿಯ ನೀರು ಬರೀ ನೀರು. ಕೂಲಂಟಿಗೆ ಬಣ್ಣ, ಸಿಹಿ ವಾಸನೆ, ಸೋಪಿನ ಹಾಗೆ ಜಾರುವ ಗುಣ ಇರುತ್ತದೆ (ನಾಲಿಗೆಗೆ ತಾಗಿಸಬೇಡಿ, ವಿಷ). ಆಮೇಲೆ ಟಾರ್ಚ್ ಹಿಡಿದು ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಪುಡಿ ಕಟ್ಟಿದ ಜಾಗ ಹುಡುಕಿ. ಹೆಚ್ಚಾಗಿ ಸಿಗುವುದು ಇಲ್ಲಿ:

- ಹೋಸಿನ ತುದಿ, ಕ್ಲಿಪ್ಪಿನ ಕೆಳಗೆ. ತಣ್ಣಗಿರುವಾಗ ಹೋಸನ್ನು ಹಿಚುಕಿ. ಬಿರುಕು ಕಂಡರೆ, ಹದವಿಲ್ಲದೆ ಗಟ್ಟಿಯಾಗಿದ್ದರೆ ಅಥವಾ ಉಬ್ಬಿ ಮೆತ್ತಗಾಗಿದ್ದರೆ ಬದಲಿಸಿ.
- ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯುಮಿನಿಯಂ ಕೋರಿಗೆ ಮಡಚಿ ಸೇರುವ ಅಂಚು. ಇಲ್ಲಿನ ಸೋರಿಕೆ ಒಂದು ಹೊತ್ತು ಕಂಡು ಇನ್ನೊಂದು ಹೊತ್ತು ಮಾಯವಾಗುತ್ತದೆ.
- ವಾಟರ್ ಪಂಪಿನ ಪುಲ್ಲಿಯ ಹಿಂದೆ, ಕೆಳಭಾಗದ ಸಣ್ಣ ತೂತು. ಅಲ್ಲಿ ಹನಿ ಬಂದರೆ ಒಳಗಿನ ಸೀಲ್ ಹೋಗಿದೆ. ತೂತು ಮುಚ್ಚುವುದಲ್ಲ, ಪಂಪ್ ಬದಲಿಸುವುದು. ಪಂಪ್ ಟೈಮಿಂಗ್ ಬೆಲ್ಟಿನಲ್ಲಿ ತಿರುಗುವಂಥದ್ದಾದರೆ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿ. ಕೂಲಿ ಎರಡು ಸಲ ಯಾಕೆ?
- ಹೀಟರ್ ಕೋರ್, ಅಂದರೆ ಕಾರಿನೊಳಗಿನ ಹೀಟರಿಗೆ ಶಾಖ ಕೊಡುವ ಭಾಗ. ಇದು ಡ್ಯಾಶ್‌ಬೋರ್ಡಿನ ಒಳಗಿರುವುದರಿಂದ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಎದುರಿನ ಗಾಜು ಮಬ್ಬಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಮಬ್ಬು ಬಟ್ಟೆಯಲ್ಲಿ ಒರೆಸಿದಾಗ ಜಿಡ್ಡಾಗಿದ್ದು, ಸಿಹಿ ವಾಸನೆ ಬಂದರೆ, ಕಾಲಡಿಯ ಮ್ಯಾಟಿನ ಕೆಳಗೆ ಒದ್ದೆ ಇದ್ದರೆ ಮಳೆಯನ್ನು ಬಯ್ಯಬೇಡಿ.

ಕಣ್ಣಿಗೆ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಕೇಳಿ. ಕ್ಯಾಪಿನ ಜಾಗಕ್ಕೆ ಕೈಪಂಪ್ ಸಿಕ್ಕಿಸಿ, ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು 10-15 ನಿಮಿಷ ಬಿಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಖಂಡಿತ. ಹೊರಗೆಲ್ಲೂ ಹನಿ ಇಲ್ಲದೆ ಇಳಿದರೆ ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕುಗಳ ನಡುವಿನ ಸೀಲ್) ಮೇಲೆ ಸಂಶಯ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತಿಳಿಯುವುದು ಹೇಗೆ?

ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಇಂಜಿನ್ ಓಡುವಾಗ ಬಾಟ್ಲಿಯಲ್ಲಿ ನಿಲ್ಲದೆ ಏಳುವ ಗುಳ್ಳೆ, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಕಲ್ಲಿನಂತಾಗುವ ಮೇಲಿನ ಹೋಸ್, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಚಹಾದ ಬಣ್ಣದ ಆಯಿಲ್. ಎಲ್ಲವೂ ಒಟ್ಟಿಗೆ ಕಾಣಬೇಕೆಂದಿಲ್ಲ. ಆಯಿಲ್ ಮುಚ್ಚಳದಡಿ ಮಾತ್ರ ತುಸು ಬೆಳ್ಳಗಿನ ಲೋಳೆ ಇದ್ದರೆ ಗಾಬರಿ ಬೇಡ. ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರುಗಳಲ್ಲಿ ಮಳೆಗಾಲದ ತೇವಕ್ಕೆ ಅದು ಬರುತ್ತದೆ. ಖಚಿತವಾಗಲು ನೀಲಿ ದ್ರಾವಣದ ಪರೀಕ್ಷೆ ಇದೆ: ಕೂಲಂಟಿನ ಮೇಲಿನ ಗಾಳಿಯಲ್ಲಿ ಇಂಜಿನ್ ಹೊಗೆ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ.

ಗ್ಯಾಸ್ಕೆಟ್ ಬದಲಿಸುವಾಗ ಹೆಡ್ಡಿನ ಮೇಲೆ ನೇರ ಅಂಚಿನ ಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ಬಾಗು ಅಳೆಯಲೇಬೇಕು. ಹೆಚ್ಚಿನ ಸಣ್ಣ ಇಂಜಿನ್ನುಗಳಿಗೆ ಮಿತಿ 0.05 ಮಿ.ಮೀ. ಆಸುಪಾಸು. ಅದು ಮೀರಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ (ಮೇಲ್ಮೈ ಸಮ ಮಾಡುವ ಕೆಲಸ) ಆಗಬೇಕು. ಅಳೆಯದೆ ಜೋಡಿಸಿದ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ.

ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ತಾನೇ?

ಮುಚ್ಚಳವಲ್ಲ, ಎರಡು ವಾಲ್ವ್. ಒಂದು ಒತ್ತಡ ಹಿಡಿದಿಡುತ್ತದೆ, ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಅದರ ಅಳತೆ. ಇನ್ನೊಂದು, ಇಂಜಿನ್ ತಣಿಯುವಾಗ ಬಾಟ್ಲಿಯಿಂದ ಕೂಲಂಟನ್ನು ಮರಳಿ ಎಳೆದುಕೊಳ್ಳಲು. ರಬ್ಬರ್ ಒಡೆದರೆ ಒತ್ತಡ ನಿಲ್ಲದೆ ಕೂಲಂಟ್ ಬೇಗ ಕುದಿಯುತ್ತದೆ. ಎರಡನೆಯದು ಸಿಕ್ಕಿಕೊಂಡರೆ ರಾತ್ರಿ ನಿಂತ ಕಾರಿನ ಮೇಲಿನ ಹೋಸ್ ಬೆಳಿಗ್ಗೆ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿರುತ್ತದೆ. ಕಡಿಮೆ ಖರ್ಚಿನ ಭಾಗ. ಹೊಸದು ಹಾಕುವಾಗ ಅದೇ ಸಂಖ್ಯೆಯದ್ದು ಹಾಕಿ.

ಕೂಲಂಟನ್ನು ಮನೆಯಲ್ಲೇ ಬದಲಿಸುವ ಕ್ರಮ?

ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಂತದ್ದಾದರೆ ಉತ್ತಮ. ಸಣ್ಣ ಕಾರುಗಳಲ್ಲಿ ಒಟ್ಟು 4-5 ಲೀಟರ್, ದೊಡ್ಡ ಡೀಸೆಲ್ ಗಾಡಿಗಳಲ್ಲಿ 7ರಿಂದ 10 ಲೀಟರ್ ಹಿಡಿಯುತ್ತದೆ.

1. ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ. ಕ್ಯಾಪ್ ತೆಗೆದು, ರೇಡಿಯೇಟರಿನ ಬುಡದ ಡ್ರೈನ್ ಪ್ಲಗ್ ಸಡಿಲಿಸಿ, ಟಬ್ಬಿಗೆ ಇಳಿಸಿ. ಪ್ಲಾಸ್ಟಿಕ್ ಪ್ಲಗ್ ಆಗಿದ್ದರೆ ಬಲ ಹಾಕಬೇಡಿ. ಬಾಟ್ಲಿಯನ್ನೂ ಬಿಚ್ಚಿ ತೊಳೆಯಿರಿ.
2. ಪ್ಲಗ್ ಮುಚ್ಚಿ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಇಂಜಿನ್ ಓಡಿಸಿ, ಆಫ್ ಮಾಡಿ, ತಣಿಯಲು ಬಿಡಿ, ಮತ್ತೆ ಇಳಿಸಿ. ಬಣ್ಣವಿಲ್ಲದ ನೀರು ಬರುವವರೆಗೆ ಇದೇ ಕೆಲಸ. ಎರಡು ಮೂರು ಸಲ ಬೇಕಾದೀತು.
3. ಈಗ ಲೆಕ್ಕ. ಪ್ಲಗ್ಗಿನಿಂದ ಎಲ್ಲವೂ ಇಳಿಯುವುದಿಲ್ಲ, ಬ್ಲಾಕಿನೊಳಗೆ ಒಂದಷ್ಟು ಉಳಿಯುತ್ತದೆ. ಒಟ್ಟು 5 ಲೀಟರಿನ ವ್ಯವಸ್ಥೆಯಿಂದ 3 ಲೀಟರ್ ಇಳಿಯಿತು ಎನ್ನಿ. ಒಳಗೆ 2 ಲೀಟರ್ ಬರೀ ನೀರಿದೆ. 50-50 ಬೇಕಾದರೆ 2.5 ಲೀಟರ್ ಕಾನ್ಸಂಟ್ರೇಟ್ ಮೊದಲು ಹಾಕಿ, ಆಮೇಲೆ ಅರ್ಧ ಲೀಟರ್ ನೀರು. ಇಲ್ಲಿ ರೆಡಿ ಮಿಕ್ಸ್ 3 ಲೀಟರ್ ಸುರಿದರೆ ಕೊನೆಗೆ ಸಿಗುವುದು 30 ಶೇಕಡದ ತೆಳು ಮಿಶ್ರಣ. ತೊಳೆದ ಮೇಲೂ ಕೂಲಂಟ್ ಬೇಗ ಕೆಡುತ್ತದೆ ಎನ್ನುವವರು ಹೆಚ್ಚಾಗಿ ಎಡವುವುದು ಇಲ್ಲಿ.
4. ನಿಧಾನವಾಗಿ ಸುರಿಯಿರಿ, ಗಾಳಿ ಹೊರಬರಲಿ. ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಇದ್ದರೆ ತೆರೆದಿಟ್ಟು, ಗುಳ್ಳೆಯಿಲ್ಲದ ಧಾರೆ ಬಂದಾಗ ಮುಚ್ಚಿ. ಕ್ಯಾಪ್ ತೆರೆದೇ ಇಂಜಿನ್ ಓಡಿಸಿ, ಮಟ್ಟ ಇಳಿದಂತೆ ತುಂಬಿಸಿ, ಥರ್ಮೋಸ್ಟಾಟ್ ತೆರೆದು ಫ್ಯಾನ್ ಒಮ್ಮೆ ಬಂದು ನಿಂತ ಮೇಲೆ ಕ್ಯಾಪ್ ಹಾಕಿ. ಕುದಿದು ಉಕ್ಕುವ ಸೂಚನೆ ಕಂಡರೆ ಮೊದಲೇ ನಿಲ್ಲಿಸಿ, ದೂರ ನಿಲ್ಲಿ.
5. ಮಾರನೆಯ ಬೆಳಿಗ್ಗೆ ಮಟ್ಟ ನೋಡಿ, ಇಳಿದಷ್ಟು ತುಂಬಿಸಿ.

ಗಾಳಿ ಉಳಿದಿದ್ದರೆ ಹೀಟರಿನಲ್ಲಿ ಒಮ್ಮೆ ಬಿಸಿ, ಒಮ್ಮೆ ತಣ್ಣನೆಯ ಗಾಳಿ ಬರುತ್ತದೆ, ಡ್ಯಾಶ್‌ಬೋರ್ಡಿನ ಹಿಂದೆ ನೀರು ಹರಿದ ಸದ್ದು ಕೇಳುತ್ತದೆ. ಏರು ರಸ್ತೆಯಲ್ಲಿ ಮುಂಭಾಗ ಮೇಲಾಗಿ ನಿಲ್ಲಿಸಿ ನಾಲ್ಕನೆಯ ಹೆಜ್ಜೆಯನ್ನು ಮತ್ತೊಮ್ಮೆ ಮಾಡಿ.

ಹಳೆಯ ಕೂಲಂಟನ್ನು ಚರಂಡಿಗೆ, ತೋಟಕ್ಕೆ ಚೆಲ್ಲಬೇಡಿ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಮೂತ್ರಪಿಂಡ ಹಾಳಾಗಿ ಸಾಯುತ್ತವೆ. ಕ್ಯಾನಿಗೆ ತುಂಬಿಸಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಮಗು ಕುಡಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಡಬ್ಬಿಯೂ ಜೊತೆಗಿರಲಿ.

ಘಾಟಿಯಲ್ಲಿ ಮುಳ್ಳು ಕೆಂಪಿಗೆ ಬಂತು. ಏನು ಮಾಡುವುದು?

ಮೊದಲು ಎಸಿ ಆಫ್. ನಿಲ್ಲಿಸುವ ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ. ಬೆವರು ಕಿತ್ತುಬರುತ್ತದೆ, ಆದರೆ ಹೀಟರ್ ಕೋರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ತಿರುವಿನಲ್ಲಿ ನಿಲ್ಲಿಸಬೇಡಿ, ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿ, ಹಝಾರ್ಡ್ ಲೈಟ್ ಹಾಕಿ. ಹಬೆ ಬರುತ್ತಿದ್ದರೆ ಅಥವಾ ಕೆಂಪು ದೀಪ ಉರಿದಿದ್ದರೆ ಇಂಜಿನ್ ಕೂಡಲೇ ಆಫ್.

ಕ್ಯಾಪಿಗೆ ಕೈ ಹಾಕಬೇಡಿ. ಒಳಗಿರುವುದು 100 ಡಿಗ್ರಿ ಮೀರಿದ, ಒತ್ತಡದಿಂದ ಮಾತ್ರ ಕುದಿಯದೆ ನಿಂತ ದ್ರವ. ಕ್ಯಾಪ್ ಸಡಿಲವಾದ ಕ್ಷಣ ಹಬೆಯಾಗಿ ಮುಖಕ್ಕೆ ಎರಗುತ್ತದೆ. ಕಡಿಮೆಯೆಂದರೆ 45 ನಿಮಿಷ ಕಾಯಿರಿ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದು ಹಿಚುಕಲು ಆಗುವಷ್ಟು ತಣಿದ ಮೇಲೆ, ದಪ್ಪ ಬಟ್ಟೆ ಹಾಕಿ ಸ್ವಲ್ಪವೇ ತಿರುಗಿಸಿ, ಒತ್ತಡ ಹೋಗಲು ಬಿಟ್ಟು, ಆಮೇಲೆ ತೆರೆಯಿರಿ. ಕೂಲಂಟ್ ಇಲ್ಲದಿದ್ದರೆ ಕುಡಿಯುವ ನೀರಿನ ಬಾಟಲಿ ನಡೆಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಬಿಸಿ ಇಂಜಿನ್ನಿಗೆ ತೋಡಿನ ತಣ್ಣೀರು ಒಮ್ಮೆಗೇ ಸುರಿದರೆ ಹೆಡ್ ಬಿರಿಯಬಹುದು. ಹಾಗೆ ನೀರು ಹಾಕಿದ ಕಾರನ್ನು ವಾರದೊಳಗೆ ತೊಳೆಸಿ.

ಇನ್ನೊಂದು ಎಚ್ಚರ: ಮೇಲಿದ್ದ ಮುಳ್ಳು ಒಮ್ಮೆಲೇ ಕೆಳಗಿಳಿದರೆ ಸಮಾಧಾನಪಡಬೇಡಿ. ಕೂಲಂಟ್ ಪೂರ್ತಿ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿರಬಹುದು.

ಹೀಟ್ ಆಗದ ಹಾಗೆ ಘಾಟಿ ಹತ್ತುವುದು?

ಕೆಳಗಿನ ಗೇರಿನಲ್ಲಿ ಹತ್ತಿ. ಸೋಮೇಶ್ವರದಿಂದ ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಮೂರನೆಯ ಗೇರಿನಲ್ಲಿ ಗುರುಗುರು ಅನ್ನಿಸಿಕೊಂಡು ಹೋದರೆ ಇಂಜಿನ್ ಮೇಲೆ ಭಾರ ಹೆಚ್ಚು. ಬೆಲ್ಟಿನ ಪಂಪ್ ತಿರುಗುವುದೂ ನಿಧಾನ, ಕೂಲಂಟ್ ಹರಿಯುವುದೂ ನಿಧಾನ. ಎರಡನೆಯ ಗೇರಿಗೆ ಇಳಿಸಿದರೆ ಸದ್ದು ಹೆಚ್ಚಾದರೂ ಇಂಜಿನ್ ಸುಖವಾಗಿರುತ್ತದೆ. ಶಿರಾಡಿಯಲ್ಲಿ ಲಾರಿಯ ಬಾಲ ಹಿಡಿದು ಹತ್ತುವಾಗ ಅದರ ಬಿಸಿಗಾಳಿಯನ್ನೇ ನಿಮ್ಮ ರೇಡಿಯೇಟರ್ ಕುಡಿಯುತ್ತದೆ, ಅಂತರ ಬಿಡಿ. ಟರ್ಬೊ ಇದ್ದರೆ ಮೇಲೆ ತಲುಪಿ ಒಂದೆರಡು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ.

ಓಡುವಾಗ ಸರಿ, ಕಲ್ಸಂಕದ ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಹೀಟ್. ಯಾಕೆ?

ಫ್ಯಾನ್. ಎಸಿ ಹಾಕಿ ನೋಡಿ, ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಕ್ಷಣ ಅಥವಾ ಕೆಲವೇ ಸೆಕೆಂಡಿನಲ್ಲಿ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರಿನ ಕನೆಕ್ಟರ್, ಕೊನೆಗೆ ಮೋಟರ್, ಈ ಸರದಿಯಲ್ಲಿ ನೋಡಿ. ನಮ್ಮಲ್ಲಿ ಕನೆಕ್ಟರಿನ ಪಿನ್ನುಗಳು ಹಸಿರು ಕಿಲುಬು ಹಿಡಿದಿರುವುದೇ ಹೆಚ್ಚು. ನಿಂತಾಗ ಎಸಿ ತಂಪು ಕಡಿಮೆಯಾಗಿ, ಓಡಿದಾಗ ಸರಿಯಾದರೆ ಅದೂ ಫ್ಯಾನಿನದೇ ಸೂಚನೆ. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗುತ್ತದೆ, ಬೆರಳು ಜೋಪಾನ.

ಅದಕ್ಕೆ ವಿರುದ್ಧವಾಗಿ, ಹೆದ್ದಾರಿ 66ರಲ್ಲಿ ವೇಗವಾಗಿ ಹೋದಾಗ ಮಾತ್ರ ಹೀಟ್ ಆದರೆ ಫ್ಯಾನನ್ನು ಬಿಟ್ಟು ರೇಡಿಯೇಟರಿನ ಒಳಗಿನ ಕಟ್ಟು, ಥರ್ಮೋಸ್ಟಾಟ್, ಪಂಪ್ ನೋಡಿ.

ನನ್ನ ಕಾರಿಗೆ ಗೇಜೇ ಇಲ್ಲ.

ನೀಲಿ ದೀಪ ತಣ್ಣಗಿದೆ ಎಂದು, ಕೆಂಪು ದೀಪ ತಡವಾಯಿತು ಎಂದು. ನಡುವೆ ಏನಾಗುತ್ತಿದೆ ಎಂದು ತಿಳಿಯಲು ಒಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರನ್ನು ತಪಾಸಣೆ ಮಾಡುವ ಸಾಕೆಟ್) ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಹಾಕಿ ಮೊಬೈಲಿನಲ್ಲಿ ಡಿಗ್ರಿ ನೋಡಬಹುದು. 85ರಿಂದ 105ರ ಒಳಗೆ ಏರಿಳಿಯುವುದು ಸಹಜ. 110 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ.

ಉಪ್ಪುಗಾಳಿಯಿಂದ ರೇಡಿಯೇಟರಿಗೆ ನಿಜವಾಗಿಯೂ ತೊಂದರೆ ಉಂಟಾ?

ಉಂಟು. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ನಿಲ್ಲುವ ಕಾರುಗಳ ರೇಡಿಯೇಟರಿನ ತೆಳು ರೆಕ್ಕೆಗಳು ಬೆರಳು ತಾಗಿಸಿದರೆ ಬಿಳಿ ಪುಡಿಯಾಗಿ ಉದುರುವುದುಂಟು. ಗಾಳಿಗಿಂತ ಕೆಟ್ಟದ್ದು ಮೀನಿನ ಲಾರಿಯಿಂದ ರಸ್ತೆಗೆ ಸುರಿಯುವ ಉಪ್ಪುನೀರು. ಅದರ ಹಿಂದೆ ಹೋದರೆ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಎಸಿಯ ಭಾಗ), ರೇಡಿಯೇಟರ್ ಎರಡಕ್ಕೂ ಪ್ರೋಕ್ಷಣೆ.

ತಿಂಗಳಿಗೊಮ್ಮೆ ತಣ್ಣಗಿನ ಇಂಜಿನ್ನಿನಲ್ಲಿ ಸಾದಾ ಪೈಪಿನ ನೀರು ಬಿಡಿ, ಸಾಧ್ಯವಾದರೆ ಇಂಜಿನ್ ಕಡೆಯಿಂದ ಹೊರಮುಖವಾಗಿ. ಪ್ರೆಶರ್ ವಾಶರನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಲಗಿ ಗಾಳಿಯ ದಾರಿಯೇ ಮುಚ್ಚುತ್ತದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ ಕೆಂಪು ಧೂಳು, ಎಲೆ, ಹುಳ ಸೇರಿ ಕಂಬಳಿಯಂತಾಗಿರುತ್ತದೆ. ಎದುರಿನಿಂದ ನೋಡಿದರೆ ಕಾಣುವುದಿಲ್ಲ, ಮೇಲಿನಿಂದ ಟಾರ್ಚ್ ಬಿಟ್ಟು ನೋಡಬೇಕು.

ಮಳೆಗಾಲಕ್ಕೆ ಬೇರೆ ಜಾಗ್ರತೆ?

ರಸ್ತೆಯಲ್ಲಿ ನೀರು ನಿಂತಿದ್ದರೆ ದಾಟುವ ಮೊದಲು ಎಸಿ ಆಫ್ ಮಾಡಿ. ತಿರುಗುವ ಫ್ಯಾನಿಗೆ ನೀರು ಬಡಿದರೆ ಎಲೆ ಮುರಿದು ರೇಡಿಯೇಟರಿಗೇ ಹೊಡೆಯಬಹುದು. ಇನ್ನು ಇಲಿ. ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಬಂದು ಸಣ್ಣ ಹೋಸ್, ಸೆನ್ಸರ್ ವೈರ್ ಕಡಿಯುತ್ತದೆ. ಎರಡು ದಿನ ನಿಂತ ಕಾರನ್ನು ಬಾನೆಟ್ ಎತ್ತದೆ ಸ್ಟಾರ್ಟ್ ಮಾಡಬೇಡಿ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುತ್ತಾರಲ್ಲ?

ಹಳೆಯ ಲಾರಿ ಡ್ರೈವರುಗಳ ಉಪಾಯ. ತೂತಿಗೆ ಹೋಗಿ ಕೂರುತ್ತದೆ ನಿಜ. ಆದರೆ ಅದಕ್ಕೆ ತೂತು ಯಾವುದು, ಕೊಳವೆ ಯಾವುದು ಎಂದು ಗೊತ್ತಿಲ್ಲ. ಈಗಿನ ರೇಡಿಯೇಟರ್, ಹೀಟರ್ ಕೋರುಗಳ ಕೊಳವೆಗಳು ಬಹಳ ಸಪೂರ. ಅಂಗಡಿಯ ಸ್ಟಾಪ್ ಲೀಕ್ ಸಹ ಇದೇ ಜಾತಿ. ನಡುದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಹಾಕಿದರೆ, ಊರು ತಲುಪಿದ ಮೇಲೆ ರೇಡಿಯೇಟರ್ ರಿಪೇರಿ ಮಾಡಿಸಿ ಇಡೀ ವ್ಯವಸ್ಥೆ ತೊಳೆಸಿ.

ಎಲೆಕ್ಟ್ರಿಕ್ ಕಾರಿಗೂ ಕೂಲಂಟ್ ಬೇಕಾ?

ಹೆಚ್ಚಿನವುಗಳಲ್ಲಿ ಬ್ಯಾಟರಿ, ಮೋಟರ್ ತಣಿಸಲು ಇದೆ. ಕೆಲವಕ್ಕೆ ವಿದ್ಯುತ್ ಹರಿಯುವಿಕೆ ತೀರಾ ಕಡಿಮೆಯಿರುವ ವಿಶೇಷ ಕೂಲಂಟೇ ಬೇಕು. ಪೆಟ್ರೋಲ್ ಕಾರಿನ ಉಳಿದ ಅರ್ಧ ಡಬ್ಬಿಯನ್ನು ಅದಕ್ಕೆ ಸುರಿಯಬೇಡಿ. ಮಟ್ಟ ಇಳಿದಿದ್ದರೆ ನೇರ ಸರ್ವಿಸ್ ಸೆಂಟರಿಗೆ ತೋರಿಸಿ.